ದೂರು ಕೊಟ್ಟವರು

ಗುಂಡಿ ಒತ್ತಿದ್ದೇ ತಡ, ದೂರಿನ ಜೊತೆಗೆ ದೂರು ಕೊಟ್ಟವರ ಮನೆಯೂ ದೊಡ್ಡ ಪರದೆಯ ಮೇಲೆ ಮೂಡಿತು. "ಮೇಲಿನ ಮನೆ ಅಜ್ಜಿಯ ಕೋಲಿನ ಸದ್ದಿಗೆ ನಿದ್ದೆಯೇ ಇಲ್ಲ. ದೂರು ಕೊಟ್ಟವರು: ಎರಡನೇ ಮಹಡಿ, ಎಡಗಡೆ ಮನೆ." ಅದು ಅವನದೇ ಮನೆ. ಅಪಾರ್ಟ್‌ಮೆಂಟ್ ಸಂಘಕ್ಕೆ ಈ ವೆಬ್‌ಸೈಟ್ ಮಾಡಿಕೊಟ್ಟು, ಈಗ ಸಭೆಗೆ ತೋರಿಸುತ್ತಿದ್ದವನೂ ಅವನೇ.

ವೆಬ್‌ಸೈಟಿನೊಳಗೆ ದೂರುಗಳದೊಂದು ಪಟ್ಟಿ, ನಿವಾಸಿಗಳದೊಂದು ಪಟ್ಟಿ. ಎರಡನ್ನೂ ಅವನು ಜೋಡಿಸಿದ್ದು, ಯಾರ ದೂರು ಎಂಬುದು ಕಾರ್ಯದರ್ಶಿಯೊಬ್ಬರಿಗೇ ಕಾಣಲಿ ಎಂದು. 'ಎಲ್ಲರಿಗೂ ತೋರಿಸು' ಎಂಬಲ್ಲಿದ್ದ ಟಿಕ್ ತೆಗೆಯುವುದನ್ನೇ ಮರೆತಿದ್ದ.

"ಯಾರು ಅಂತ ಬೇರೆಯವರಿಗೆ ಗೊತ್ತಾಗಲ್ಲ ಅಂದ್ರಲ್ಲ ಸಾರ್?" ಎಂದರು ಕಾರ್ಯದರ್ಶಿ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪುಟ ಮುಚ್ಚಲು ಅವನು ತಡಕಾಡಿದ.

ಆಗಷ್ಟೇ ಎಲ್ಲರಿಗಿಂತ ಮೊದಲು ಅವನಿಗೆ ಚಪ್ಪಾಳೆ ತಟ್ಟಿದ್ದ ಮೇಲಿನ ಮನೆ ಅಜ್ಜಿ, ಮುಂದಿನ ಸಾಲಿನಲ್ಲಿ ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲಿನ ದೂರನ್ನು ಮತ್ತೆ ಓದಿದರು. "ನಂಗೇ ಒಂದು ಮಾತು ಹೇಳಬಾರದಿತ್ತಾ, ಮಗಾ?"

"ಅಜ್ಜೀ, ಅದು..."

ಅಜ್ಜಿ ಎದ್ದರು. ಕೋಲನ್ನು ನೆಲಕ್ಕೆ ತಾಕಿಸದೆ ಕಂಕುಳಲ್ಲಿ ಇರುಕಿಕೊಂಡು, ಗೋಡೆ ಹಿಡಿದು, ಸದ್ದೇ ಇಲ್ಲದೆ ಬಾಗಿಲ ಕಡೆ ನಡೆದರು.