ಮೂಸಿ ನೋಡಿದ ನೀರು

ಪಕ್ಕದ ಪೆಟ್ರೋಲ್ ಬಂಕಿನ ಟ್ಯಾಂಕು ಸೋರಿ, ಚಿಕ್ಕತಾಯಮ್ಮನ ಬಾವಿಗೆ ಡೀಸೆಲ್ ಇಳಿದು ಏಳು ತಿಂಗಳಾಗಿತ್ತು. ಅಂದಿನಿಂದ ಅವಳಿಗೆ ಊಟದಲ್ಲೂ ನಿದ್ದೆಯಲ್ಲೂ ಅದೇ ವಾಸನೆ. ಕೊನೆಗೆ ಬಂಕಿನವರು ಶಿವನಂಜನನ್ನು ಕಳಿಸಿದರು. ಅವನು ಬಾವಿಯ ಸುತ್ತ ಕೊಳವೆ ಇಳಿಸಿ, ಸೋಪಿನಂಥ ದ್ರಾವಣ ಕಲಸಿದ ನೀರನ್ನು ಮಣ್ಣಿಗೆ ಬಿಡುತ್ತಿದ್ದ. ಅದು ಮಣ್ಣಿಗಂಟಿದ ಎಣ್ಣೆಯನ್ನು ಬಿಡಿಸಿಕೊಂಡು ಬಾವಿಗೆ ಇಳಿದಾಗ, ಪಂಪು ಹಾಕಿ ಟ್ಯಾಂಕರಿಗೆ ಎಳೆಯುತ್ತಿದ್ದ.

ದಿನಾ ಸಂಜೆ ಒಂದು ಚೊಂಬು ನೀರು ಸೇದಿ ಅವಳ ಮುಂದೆ ಹಿಡಿಯುತ್ತಿದ್ದ.

"ನೀವೇ ಮೂಸಿ ಹೇಳ್ಬೇಕು ತಾಯಿ. ಈ ಕೆಲಸ ಮಾಡಿ ಮಾಡಿ ನನ್ನ ಮೂಗು ಸತ್ತೋಗದೆ. ನಂಗೆ ಮಲ್ಲಿಗೆನೂ ಒಂದೇ, ಸೀಮೆಎಣ್ಣೆನೂ ಒಂದೇ."

"ಇನ್ನೂ ಅದೆ ಕಣಪ್ಪ. ಶುಕ್ರವಾರ ಸೊಸೆ ಬಾಣಂತನ ಮುಗಿಸ್ಕಂಡು ಕೂಸು ಎತ್ಕಂಡು ಬತ್ತಾಳೆ. ಅಷ್ಟ್ರಲ್ಲಿ ಮಾಡ್ಕೊಡು."

"ಲ್ಯಾಬಿನ ರಿಪೋರ್ಟು ಬರಕ್ಕೆ ತಿಂಗಳಾಯ್ತದೆ. ನೀವು ಹೂಂ ಅಂದ ದಿನ ಪಂಪು ಎತ್ತೀನಿ."

ಗುರುವಾರ ಸಂಜೆ ಅವಳು ಚೊಂಬಿಗೆ ಮೂಗಿಟ್ಟು ಬಹಳ ಹೊತ್ತು ಮೂಸಿದಳು.

"ಏನೂ ಇಲ್ಲ ಕಣಪ್ಪ," ಎಂದಳು.

ಶಿವನಂಜ ಕೊಳವೆ ಕಿತ್ತುಕೊಂಡು ಟ್ಯಾಂಕರ್ ಹತ್ತಿ ಹೋದ.

ಮರುದಿನ ಸೊಸೆ ಮಗುವನ್ನು ಎತ್ತಿಕೊಂಡು ಹೊಸಿಲ ಮುಂದೆ ನಿಂತಳು. ಚಿಕ್ಕತಾಯಮ್ಮ ಬೆಳಗಿದ ಬಿಂದಿಗೆಯಲ್ಲಿ ಬಾವಿಯ ನೀರು ತಂದು, ಒಳಗೆ ಕರೆಯುವ ಮೊದಲು ಅವಳ ಪಾದದ ಮೇಲೆ ಸುರಿದಳು.

ಸೊಸೆ ಕಾಲು ಹಿಂದಕ್ಕೆ ಎಳೆದುಕೊಂಡು ಮಗುವಿನ ಮೂಗಿಗೆ ಸೆರಗು ಹಿಡಿದಳು.

"ಅತ್ತೆ, ಕಾಲಿಗೆ ಯಾಕೆ ಡೀಸೆಲ್ ಉಯ್ತಿದ್ದೀರಿ?"