ಕೆಟ್ಟ ಕಂಪ್ಯೂಟರಿನೊಳಗಿನ ತೊಂಬತ್ತಾರು ಹಾಡು

"ನೀವು ಬ್ಯಾಡ್ರಿ... ಆ ಮೇಡಂ ಅವರ ಕಡೆನ ಮಾಡಿಸ್ರಿ. ಅವರ ಕಂಪ್ಯೂಟರ್ ಹೊಸಾದ ಐತಿ."

ಮದುವೆ ಕಾರ್ಡ್ ಮಾಡಿಸಲು ಬಂದ ಗಿರಾಕಿ ಹೀಗಂದಾಗ ಫಕ್ಕೀರಪ್ಪ ಮೇಲೆ ನಕ್ಕ.
ಒಳಗೆ ಮಾತ್ರ ಯಾರೋ ಒಣಮೆಣಸಿನಕಾಯಿ ಹುರಿದ ಹಾಗಾಯಿತು...

ಗದುಗಿನ ಆ ಸಣ್ಣ ಪ್ರೆಸ್ಸಿನಲ್ಲಿ ಅವನು ಹದಿನೆಂಟು ವರ್ಷದಿಂದ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಆಪರೇಟರ್. ಆ ಮೇಡಂ, ಅಂದರೆ ತಸ್ಲೀಮಾ, ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿಲ್ಲ.

ಆದರೆ ಹೊಸ ಕಂಪ್ಯೂಟರ್ ಅವಳಿಗೆ. ಫ್ಯಾನಿನ ಕೆಳಗಿನ ಕುರ್ಚಿ ಅವಳಿಗೆ. "ಮೇಡಂ" ಅನ್ನುವ ಮರ್ಯಾದೆಯೂ ಅವಳಿಗೇ...

ದಿನಾ ಸಂಜೆ ಎಲ್ಲ ಫೈಲುಗಳ ಒಂದು ಕಾಪಿ ತಸ್ಲೀಮಾಳ ಕಂಪ್ಯೂಟರಿನಲ್ಲಿ ಇಡಬೇಕು ಅಂತ ಮಾಲಕರು ಹೇಳಿದ್ದರು.
ಫಕ್ಕೀರಪ್ಪ ಒಂದು ದಿನವೂ ಇಡಲಿಲ್ಲ. 'ನನ್ನ ಕೆಲಸ ಅಕಿ ಡಬ್ಬಿಯೊಳಗ ಯಾಕ ಹಾಕ್ಲಿ' ಅನ್ನೋ ಹಟ.

ಅವನ ಹಳೆ ಕಂಪ್ಯೂಟರ್ ವಾರದಿಂದ "ಅಪ್‌ಗ್ರೇಡ್ ಮಾಡಿ" ಅಂತ ಕೇಳುತ್ತಲೇ ಇತ್ತು. ಗಿರಾಕಿಯ ಮಾತು ಕೇಳಿದ ಮೇಲೆ ಅವನು ಒತ್ತಿಯೇ ಬಿಟ್ಟ.
'ನಂದೂ ಹೊಸಾದು ಆಗಲಿ. ನೋಡೇಬಿಡೂಣು...'

ಅಪ್‌ಗ್ರೇಡ್ ಅರ್ಧ ದಾಟಿತ್ತು. ಅಷ್ಟರಲ್ಲಿ ಒಂದೂವರೆ... ಊಟದ ಹೊತ್ತು.

ಆ ಪ್ರೆಸ್ಸಿನಲ್ಲಿ ಒಂದು ಪದ್ಧತಿ. ಊಟಕ್ಕೆ ಹೋಗುವಾಗ ಕೊನೆಗೆ ಹೊರಬೀಳುವವರು ಮೇನ್ ಸ್ವಿಚ್ ಆಫ್ ಮಾಡಬೇಕು.
ಹದಿನೆಂಟು ವರ್ಷದ ರೂಢಿ. ತಲೆ ಯೋಚಿಸುವ ಮೊದಲೇ ಕೈ ಸ್ವಿಚ್ ಎಳೆದಿತ್ತು. ಕರೆಂಟು ಹೋದರೂ ಕಂಪ್ಯೂಟರ್ ಆರದಂತೆ ಕಾಯುವ ಯುಪಿಎಸ್ ಬ್ಯಾಟರಿ ಕೆಟ್ಟು ಎಷ್ಟೋ ಕಾಲವಾಗಿತ್ತು.

ಊಟ ಮುಗಿಸಿ ಬಂದು ನೋಡಿದರೆ... ಕಂಪ್ಯೂಟರ್ ಶುರುವಾಗುತ್ತದೆ, ಆರಿಹೋಗುತ್ತದೆ. ಮತ್ತೆ ಶುರುವಾಗುತ್ತದೆ, ಮತ್ತೆ ಆರಿಹೋಗುತ್ತದೆ.

ಫಕ್ಕೀರಪ್ಪ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿ ನೋಡಿದ.

ಅದರೊಳಗೆ ಅಚ್ಚು ಹಾಕಿಸಲು ಬಂದಿದ್ದ ಮುದುಕಿ ಬಾಳವ್ವಜ್ಜಿಯ ಹಾಡುಗಳಿದ್ದವು. ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಹಾಡುತ್ತಿದ್ದ ಪದಗಳು... ಒಟ್ಟು ತೊಂಬತ್ತಾರು.

ಅಜ್ಜಿಗೆ ಅಕ್ಷರ ಬಾರದು. ವರ್ಷದ ಹಿಂದೆ ಅವನ ಪಕ್ಕದಲ್ಲೇ ಕೂತು ಹಾಡಿದ್ದಳು, ಅವನು ಕೇಳಿ ಕೇಳಿ ಟೈಪ್ ಮಾಡಿದ್ದ. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ.
ಈಗ ಅಜ್ಜಿಯ ನೆನಪು ಹಾರಿಹೋಗಿದೆ. ಶುಕ್ರವಾರ ಪ್ರಿಂಟ್ ಒಯ್ಯಲು ಮನೆಯವರು ಅವಳನ್ನು ಕರೆತರುವವರಿದ್ದರು...

ನಾಲ್ಕೈದು ಸಲ ಆರಿ ಹತ್ತಿದ ಮೇಲೆ ಪರದೆ ಮೇಲೆ ಒಂದು ಬಟನ್ ಬಂತು. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ ಅಂತ ಕೇಳುತ್ತಿತ್ತು. ಗಾಬರಿಯಲ್ಲಿ ಅವನ ಬೆರಳು ಮೌಸಿನ ಮೇಲೆ ಹೋಯಿತು.

"ಅಣ್ಣಾರ... ಅದನ್ನ ಒತ್ತಬ್ಯಾಡ್ರಿ."

ತಸ್ಲೀಮಾ ಹಿಂದೆ ನಿಂತಿದ್ದಳು.

"ನಿನಗೇನ ಬೇಕಾಗಿತ್ತವಾ ಇಲ್ಲಿ? ನಗಾಕ ಬಂದಿಯೇನು?"

"ನಗೂದು ಆಮ್ಯಾಲೆ ನೋಡೂಣು. ಸರೀರಿ ಈ ಕಡೆ." ಅವಳು ಕುರ್ಚಿ ಎಳೆದುಕೊಂಡಳು. "ಸತ್ತದ್ದು ಸಿಸ್ಟಮ್ ಅಷ್ಟ. ಫೈಲ್ ಇರೂ ಡಿಸ್ಕ್ ಜೀವಂತ ಇರಬಹುದು. ಮೊದಲ ಫೈಲ್ ಹೊರಗ ತಗಿಯೂಣು, ಕಂಪ್ಯೂಟರ್ ಆಮ್ಯಾಲೆ ಬದುಕಿಸೂಣು."

ಬ್ಯಾಗಿನಿಂದ ರಿಪೇರಿಗೆಂದೇ ಇಟ್ಟುಕೊಂಡಿದ್ದ ಒಂದು ಪೆನ್ ಡ್ರೈವ್ ತೆಗೆದು ಚುಚ್ಚಿದಳು. ಕಂಪ್ಯೂಟರ್ ತನ್ನ ಡಿಸ್ಕ್ ಬಿಟ್ಟು ಆ ಪೆನ್ ಡ್ರೈವಿನಿಂದಲೇ ಎದ್ದಿತು. ಸ್ವಲ್ಪ ಹೊತ್ತಿಗೆ... 'ಬಾಳವ್ವ' ಅನ್ನುವ ಫೋಲ್ಡರ್ ಕಾಣಿಸಿತು.

ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಹೊಟ್ಟೆಯೊಳಗಿನ ಕಿಚ್ಚು ಇನ್ನೂ ಜೋರಾಯಿತು. 'ಇದೂ ಅಕಿಗೇ ಬರಬೇಕಾ?'

ತಸ್ಲೀಮಾ ಫೈಲನ್ನು ತನ್ನ ಕಂಪ್ಯೂಟರಿಗೆ ಹಾಕಿ ತೆರೆದಳು. ಅವಳ ಮುಖ ಸಪ್ಪಗಾಯಿತು.

ಪರದೆ ತುಂಬ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿ... ಒಂದಾದರೂ ಕನ್ನಡ ಅಕ್ಷರವಿಲ್ಲ.

"ಕೆಟ್ಟುಹೋಗ್ಯಾವ ಅಣ್ಣಾರ... ಎಲ್ಲಾ ಕೆಟ್ಟುಹೋಗ್ಯಾವ."

ಫಕ್ಕೀರಪ್ಪ ಬಗ್ಗಿ ನೋಡಿದ. ಆ ಗೀಚುಗಳ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಓದಿದ...

"ತಿರಗ ತಿರಗ ಕಲ್ಲ... ಮಲಗ ಮಲಗ ಕೂಸ... ಬೆಳಕ ಹರಿಯೂದ್ರಾಗ ಬುಟ್ಟಿ ತುಂಬ ಹಿಟ್ಟ..."

ತಸ್ಲೀಮಾ ಬಾಯಿ ತೆರೆದು ನೋಡುತ್ತಿದ್ದಳು.

"ಏನೂ ಕೆಟ್ಟಿಲ್ಲವಾ. ಇದು ಕನ್ನಡ ಅಕ್ಷರದ ಹಳೇ ಫಾಂಟು. ನಿನ್ನ ಕಂಪ್ಯೂಟರಿನಾಗ ಇಲ್ಲ, ಅದಕ್ಕ ಹಿಂಗ ಕಾಣತೈತಿ. ನನ್ನ ಹಳೇ ಸಿಡಿಯೊಳಗ ಐತಿ, ಹಾಕಿದ್ರ ಆತು."

"ಫಾಂಟ್ ಇಲ್ದನ ಓದಿದ್ರಲ್ರೀ..."

"ಫಾಂಟ್ ಕೈಕೊಟ್ಟಾಗೆಲ್ಲಾ ಹದಿನೆಂಟು ವರ್ಷ ಇದನ್ನ ನೋಡೀನಿ. ಕಣ್ಣಿಗೆ ರೂಢಿ ಆಗೈತಿ, ಅಷ್ಟ."

ಅವಳು ತಲೆ ತಗ್ಗಿಸಿದಳು. ಕಣ್ಣು ತುಂಬಿತ್ತು.

"ಒಂದು ಮಾತು ಹೇಳ್ಲಿ? ನಿಮ್ಮನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚು ಅಣ್ಣಾರ."

"ನನ್ನ ಕಂಡ್ರ...?"

"ಕಾರ್ಡಿನಾಗ ಯಾವ ಕಾಕಾನ ಹೆಸರು ಕೆಳಗ ಹೋದ್ರ ಮನ್ಯಾಗ ಜಗಳ ಆಗತೈತಿ ಅಂತ ನಿಮಗ ಗೊತ್ತು. ಮುದುಕರ ಕೈಬರಹ ನಿಮಗಷ್ಟ ತಿಳೀತೈತಿ. ಮಂದಿ ನನ್ನ ಹತ್ರ ಬರೂದು ಕಂಪ್ಯೂಟರ್ ನೋಡಿ... ನಿಮ್ಮ ಹತ್ರ ಬರೂದು ನಿಮ್ಮನ್ನ ನೋಡಿ. ನನ್ನ ಮುಂದ ಯಾವ ಅಜ್ಜಿ ಕೂತು ಹಾಡ್ಯಾಳ ಹೇಳ್ರಿ? ನಿಮಗ ಬರಲಾರದ್ದು ಒಂದಾದ್ರೂ ನನಗ ಬರಲಿ ಅಂತ ಈ ರಿಪೇರಿ ಕಲ್ತೆ..."

ಫಕ್ಕೀರಪ್ಪ ಇಷ್ಟು ದಿನ ಯಾವ ಕಿಚ್ಚಿನಲ್ಲಿ ಬೆಂದನೋ, ಆರು ಅಡಿ ದೂರದ ಕುರ್ಚಿಯಲ್ಲಿ ಅದೇ ಕಿಚ್ಚಿನಲ್ಲಿ ಇನ್ನೊಬ್ಬಳು ಬೇಯುತ್ತಿದ್ದಳು...

"ನಂದೂ ಅದ ಕಥಿ ಐತಿ ತಂಗಿ," ಅಂದ. ಡ್ರಾಯರ್ ಎಳೆದು ಆ ಸಿಡಿ ತೆಗೆದ.

ಶುಕ್ರವಾರ ಬಾಳವ್ವಜ್ಜಿ ಮನೆಯವರ ಜೊತೆ ಬಂದಳು. ಪ್ರಿಂಟ್ ಆದ ಹಾಳೆಗಳನ್ನು ಮುಟ್ಟಿ ನೋಡಿದಳು.

"ಇದರಾಗ ಏನ ಐತೋ ಯಪ್ಪಾ?"

"ನೀ ಹಾಡಿದ ಪದ, ಅಜ್ಜೀ."

"ನಾ ಯಾವಾಗ ಹಾಡಿದ್ನಪಾ?"

ಫಕ್ಕೀರಪ್ಪ ಹಾಳೆಗಳನ್ನು ತಸ್ಲೀಮಾಳ ಕೈಗೆ ಕೊಟ್ಟ. "ನೀನ ಓದವಾ."

"ನನಗ ರಾಗ ಬರಂಗಿಲ್ರಿ ಅಣ್ಣಾರ."

"ರಾಗ ಅಕಿ ಹಾಕ್ತಾಳ. ನೀ ಓದು."

ತಸ್ಲೀಮಾ ತಡವರಿಸುತ್ತ ಓದತೊಡಗಿದಳು. ಎರಡನೇ ಸಾಲಿಗೆ ಅಜ್ಜಿಯ ಬಲಗೈ ಮೊಣಕಾಲ ಮೇಲೆ ಗುಂಡಗೆ ತಿರುಗತೊಡಗಿತು... ಮೂರನೇ ಸಾಲಿಗೆ ಅವಳ ದನಿಯೂ ಕೂಡಿತು.

ನಾವು ಯಾರನ್ನು ಕಂಡು ಒಳಗೊಳಗೇ ಸುಡುತ್ತೇವೋ, ಅವರೂ ನಮ್ಮನ್ನು ಕಂಡು ಸುಡುತ್ತಿರಬಹುದು... ಒಂದು ಮಾತು ಆಡಿದರೆ ಎರಡೂ ಕಿಚ್ಚು ಆರುತ್ತವೆ.

ನಿಮ್ಮ ಪಕ್ಕದ ಕುರ್ಚಿಯವರ ಹತ್ತಿರ ನೀವು ಮನಸ್ಸು ಬಿಚ್ಚಿ ಮಾತಾಡಿ ಎಷ್ಟು ದಿನವಾಯಿತು?