ನೋವಿನ ಪಾಳಿ

ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ಬಾಳಪ್ಪನ ನೋವನ್ನು ಮನೆಯವರು ಪಾಳಿಯ ಮೇಲೆ ಹೊರುತ್ತಿದ್ದರು. ಸೇನೆಯವರು ಮನೆಯ ಎಲ್ಲರಿಗೂ ಕೈಗೆ ಕಟ್ಟುವ ಒಂದೊಂದು ಬಟ್ಟೆಪಟ್ಟಿ ಕೊಟ್ಟಿದ್ದರು. ಅದನ್ನು ಯಾರು ಮೊದಲು ಮುಂಗೈಗೆ ಕಟ್ಟಿಕೊಂಡರೋ ಅವರಿಗೆ ಅವನ ನೋವು ಹೋಗುತ್ತಿತ್ತು. ಮಗ ಸೈನ್ಯ ಸೇರಿದಂದೇ ಮಾತು ಬಿಟ್ಟಿದ್ದ ಅಪ್ಪ ಮಾತ್ರ ತನ್ನ ಪಟ್ಟಿಯನ್ನು ಕೊಟ್ಟಿಗೆಗೆ ಎಸೆದಿದ್ದ.

ಇವತ್ತು ಹೆಂಡತಿ ನೀಲವ್ವನ ಪಾಳಿ. ಪಟ್ಟಿ ಕಟ್ಟಿದರೂ ನೋವು ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ.

“ಅತ್ತೀ, ನನ್ನ ಪಾಳಿ ನೀವ ಕದೀತೀರಿ, ಹೌದಲ್ಲ?”

“ನಂದ ನನಗ ಸಾಕಾಗೇತಿ, ಹೋಗವಾ,” ಎಂದು ಅತ್ತೆ ರೊಟ್ಟಿ ಬಡಿಯತೊಡಗಿದರು.

ನೀಲವ್ವ ನಂಬಲಿಲ್ಲ. ಒಳಗೆ ಹೋಗಿ ಗಂಡನ ತೋಳನ್ನು ಉಗುರು ನಾಟುವಂತೆ ಚಿವುಟಿದಳು. ಅವನು ಸುಮ್ಮನೆ ನಕ್ಕ. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

ಕೊಟ್ಟಿಗೆಯಿಂದ ಮಾವನ ಕೂಗು ಕೇಳಿತು:

“ಯವ್ವಾ! ಯಾರಲೇ ನನ್ನ ಮಗನ್ನ ಚಿವುಟಿದವ್ರು?”